ಅತ್ತಿಗೆಯ ಮಾಣಿಕ್ಯ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬಂದದ್ದು

ಹೂಡಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತುವಾಗಲೇ ನನ್ನ ತಲೆ ಕಾದಿತ್ತು. ಜೊತೆಗಿದ್ದವರು ಅಣ್ಣನ ಹೆಂಡತಿ ಲಕ್ಷ್ಮಮ್ಮ ಅತ್ತಿಗೆ. ಅವರ ಸೆರಗಿನ ಗಂಟಿನಲ್ಲಿ ಮಾಣಿಕ್ಯದ ಉಂಗುರವಿತ್ತು. ಹಾಲು ಮಾರಿ ಮನೆ ನಡೆಸಿದ ಅತ್ತಿಗೆ ತಮಗೆಂದೇ ಕೊಂಡ ಮೊದಲ ಒಡವೆ ಅದು. ವೈಟ್‌ಫೀಲ್ಡಿನ ಅಂಗಡಿಯವನು ‘ಫಸ್ಟ್ ಕ್ವಾಲಿಟಿ’ ಎಂದು ಮಾರಿದ್ದ. ಉಂಗುರ ತೊಟ್ಟ ಕೈಯಲ್ಲೇ ನಿಂಬೆ ಉಪ್ಪಿನಕಾಯಿ ಹಾಕಿದ ಮೇಲೆ ಕಲ್ಲಿನಲ್ಲಿ ಬಿಳಿ ಗೆರೆಗಳೆದ್ದವು. ತೋರಿಸಲು ಹೋದರೆ, ‘ಇಂಥ ಕಲ್ಲು ಹಾಕೋಕೆ ಅಂಥ ಕೈ ಬೇಕಮ್ಮಾ’ ಎಂದು ನಕ್ಕು ಕಳಿಸಿದ್ದನಂತೆ.

ವೋಲ್ವೋ ದುಬಾರಿಯೆಂದು ಸಾದಾ ಬಸ್ಸು ಹಿಡಿದು ಮಾರತ್ತಹಳ್ಳಿಯವರೆಗೆ ನಿಂತೇ ಹೋದೆವು. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹೊಸೂರು ರಸ್ತೆಯಲ್ಲಿ ಟೋಲ್ ಕಟ್ಟಿದ ಕಾರುಗಳು ಮೇಲ್ಸೇತುವೆಯಲ್ಲಿ ಹಾರಿಹೋದವು. ನಮ್ಮ ಬಸ್ಸು ಕೆಳಗೆ ಲಾರಿಗಳ ಹಿಂದೆ ತೆವಳಿತು.

“ಬಿಟ್ಬುಡು ಕಮಲಾ, ಓಗ್ಲಿ,” ಎಂದರು ಅತ್ತಿಗೆ.

“ನೀವು ಬಿಟ್ರೂ ನಾನು ಬಿಡಲ್ಲ,” ಎಂದೆ.

ಎಲೆಕ್ಟ್ರಾನಿಕ್ ಸಿಟಿಯ ಹರಳು ಪರೀಕ್ಷೆಯ ಲ್ಯಾಬಿನಲ್ಲಿ ಪರೀಕ್ಷಕಿ ಉಂಗುರವನ್ನು ಬಿಳಿ ಕಾಗದದ ಮೇಲಿಟ್ಟು ಕಿಟಕಿಯ ಹತ್ತಿರ ಒಯ್ದರು. ಅಂಗಡಿಯ ದೀಪದಲ್ಲಿ ಎಂಥ ಕೆಂಪೂ ಚೆಂದ ಕಾಣುತ್ತದೆಯಂತೆ. ಬಣ್ಣ, ಒಳಗಿನ ಸ್ವಚ್ಛತೆ, ಕಟಿಂಗ್, ತೂಕ ನೋಡಿ ದರ್ಜೆ ಗೊತ್ತುಮಾಡುತ್ತಾರೆ. ಆದರೆ ಅದಕ್ಕೂ ಮೊದಲು ಕಲ್ಲಿಗೆ ಏನೇನು ಮಾಡಿದ್ದಾರೆಂದು ನೋಡಬೇಕು ಎಂದರು. ಮೈಕ್ರೋಸ್ಕೋಪಿನಲ್ಲಿ ನೋಡಲು ಅತ್ತಿಗೆಯನ್ನೇ ಕರೆದರು.

“ಒಳಗೆಲ್ಲ ಗುಳ್ಳೆ ಗುಳ್ಳೆ ಅದೆ ಕಣಮ್ಮ.”

“ಅದು ಗಾಜಮ್ಮಾ. ತೀರಾ ಕೆಳದರ್ಜೆ ಮಾಣಿಕ್ಯ, ಬಿರುಕಿಗೆಲ್ಲ ಗಾಜು ಕರಗಿಸಿ ತುಂಬಿದ್ದಾರೆ. ನಿಂಬೆ ಹುಳಿ ಆ ಗಾಜನ್ನ ತಿಂದಿದೆ. ನಿಮ್ಮದೇನೂ ತಪ್ಪಿಲ್ಲ.”

ಕೆಳಗಿನ ದರ್ಶಿನಿ ಹೋಟೆಲಿನಲ್ಲಿ ಅನ್ನ ಸಾರು ತಂದಿಟ್ಟರೆ ಅತ್ತಿಗೆ ಮುಟ್ಟಲಿಲ್ಲ. ‘ಬಿಟ್ಬುಡು’ ಎಂದು ಮತ್ತೆ ಹೇಳಲೂ ಇಲ್ಲ.

ಸಂಜೆಗೆ ಮುಂಚೆ ವೈಟ್‌ಫೀಲ್ಡಿನ ಅಂಗಡಿಯಲ್ಲಿದ್ದೆವು. ಲ್ಯಾಬಿನಲ್ಲಿ ಕಂಡದ್ದನ್ನು ನಾನು ಹೇಳಿದೆ.

“ಟ್ರೀಟ್‌ಮೆಂಟ್ ಎಲ್ಲ ಕಲ್ಲಿಗೂ ಮಾಡ್ತಾರೆ ಮೇಡಂ.”

“ಮಾರುವಾಗ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆಂದು ಕೂಗಾಡಿದೆ. ಅಂಗಡಿಯ ಆ ತುದಿಯಲ್ಲಿ ಉಂಗುರ ಆರಿಸುತ್ತಿದ್ದ ದಂಪತಿ ಗದ್ದಲಕ್ಕೆ ನಮ್ಮತ್ತ ತಿರುಗಿದರು. ಅಂಗಡಿಯವನು ತಟ್ಟನೆ ಉಂಗುರದ ಬೆಲೆಯ ನೋಟುಗಳನ್ನು ಅತ್ತಿಗೆಯ ಕೈಗೆ ತುರುಕಿ, ಉಂಗುರ ಇಸಿದುಕೊಂಡು, ಬಾಗಿಲು ತೋರಿಸಿದ.

ಗೆದ್ದೆವೆಂದುಕೊಂಡೇ ಫುಟ್‌ಪಾತಿಗಿಳಿದೆ. ಅತ್ತಿಗೆ ಅಲ್ಲೇ ನಿಂತು ಅಂಗಡಿಯ ಗಾಜಿನ ಬಾಗಿಲಿನಾಚೆ ನೋಡುತ್ತಿದ್ದರು. ಅವನು ಉಂಗುರವನ್ನು ಬಟ್ಟೆಯಲ್ಲಿ ಉಜ್ಜಿ, ಬಿಳಿ ಗೆರೆ ಕಾಣದಂತೆ ಓರೆಯಾಗಿಟ್ಟು, ಆ ದಂಪತಿಯ ಮುಂದಿನ ತಟ್ಟೆಗೆ ಸೇರಿಸಿದ.

ಅತ್ತಿಗೆ ದಡದಡನೆ ಮೆಟ್ಟಿಲು ಹತ್ತಿದರು. ನೋಟುಗಳನ್ನು ಮೇಜಿನ ಮೇಲೆ ಬಡಿದು, ಉಂಗುರ ಎತ್ತಿಕೊಂಡರು.

“ನಿನ್ ದುಡ್ಡು ನೀನೇ ಇಟ್ಕೊ. ಇದುನ್ನ ಇನ್ನೊಬ್ಬಳ ಬೆರಳಿಗೆ ಆಕಕ್ಕೆ ನಾ ಬುಡಕಿಲ್ಲ!”

“ಅತ್ತಿಗೆ, ದುಡ್ಡು!” ಎಂದೆ ನಾನು. ಅವರು ಕೇಳಿಸಿಕೊಳ್ಳಲಿಲ್ಲ. ಆ ಹೆಂಗಸಿನ ಕಡೆ ತಿರುಗಿ, “ಒಳಗೆಲ್ಲ ಗಾಜು ಕಣವ್ವಾ,” ಎಂದರು. ಗಂಡ ಹೆಂಡತಿ ಎದ್ದು ಹೊರನಡೆದರು.

ಹೂಡಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅತ್ತಿಗೆ, ಅಂಗಡಿ ಮರೆಯಾಗುವವರೆಗೂ ಹಿಂದಕ್ಕೇ ನೋಡುತ್ತಿದ್ದರು.

“ಒಂದುನ್ನೇನೋ ತಂದ್ಬುಟ್ಟೆ ಕಮಲಾ,” ಎಂದರು, ಸೆರಗಿನ ಗಂಟು ಬಿಗಿಯುತ್ತಾ. “ಅಲ್ಲಿ ಇನ್ನೂ ತಟ್ಟೆ ತುಂಬ ಇಂಥವೇ ಅವೆ.”