ಹೊಲದ ಕಡೆ

ತಮ್ಮೂರು ಹರವೆಯಲ್ಲಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ ನಮ್ಮ ಮನೆಗೆ ಬಂದ ಅತ್ತೆ, ಬಂದ ಮಾರನೆಯ ಬೆಳಿಗ್ಗೆಯೇ, "ವಸಿ ವಲದ ಕಡೆ ಓಗ್ಬುಟ್ಟು ಬರ್ಬೇಕು ಕಣಮ್ಮಿ" ಅಂದರು. ನಾನು ಒಲೆಯ ಮೇಲಿದ್ದ ಹಾಲು ಇಳಿಸಿ, ವಾಕರ್ ತಂದು ಮುಂದಿಟ್ಟು, ಮೆಲ್ಲಗೆ ಎಬ್ಬಿಸಿ ನಡೆಸಿಕೊಂಡು ಹೋಗಿ ಕಮೋಡಿನ ಮೇಲೆ ಕೂರಿಸಿದೆ.

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದಲ್ಲಿ, ಪೇಟೆಯ ನಡುವಿನ ಬಾಡಿಗೆ ಮನೆಯಲ್ಲಿ. ಅಪ್ಪನಿಗೆ ಸರ್ಕಾರಿ ಕೆಲಸ. ಹೊಲ ಎನ್ನುವ ಮಾತು ಕೇಳಿದ್ದೇ ಅಜ್ಜಿಯ ಬಾಯಲ್ಲಿ. ಆಕೆ ಕೈಯಲ್ಲಿ ಚೊಂಬು ಹಿಡಿದು "ಹೊಲದ ಕಡೆ ಹೋಗಿ ಬರ್ತೀನಿ" ಅಂದರೆ ಅದಕ್ಕೆ ಒಂದೇ ಅರ್ಥ. ಮನೆಯೊಳಗೇ ಕಕ್ಕಸು ಕಟ್ಟಿಸಿದ ಮೇಲೂ ಅಜ್ಜಿ ಅಲ್ಲಿಗೆ ಹೋಗುವಾಗ ಹಾಗೇ ಹೇಳುತ್ತಿದ್ದಳು. ಹಾಗಾಗಿ ಅತ್ತೆಯ ಮಾತು ನನಗೆ ಸಲೀಸಾಗಿ ಅರ್ಥವಾಯಿತು. ಅರ್ಥವಾಯಿತು ಅಂದುಕೊಂಡೆ.

ಅವರು ಬೆಳಿಗ್ಗೆ ಕೇಳುವರು, ಮಧ್ಯಾಹ್ನ ಕೇಳುವರು, ಬಿಸಿಲು ಇಳಿದ ಮೇಲೆ ಮತ್ತೆ ಕೇಳುವರು. ನಾನು ಪ್ರತಿ ಸಲವೂ ಕೂರಿಸಿ ಬರುವೆ. ಪಾಪ, ಮುದುಕಿಗೆ ಹೊಟ್ಟೆ ಕೆಟ್ಟಿದೆ ಅಂತ ಬರೀ ಮೊಸರನ್ನ ಹಾಕಿದೆ. ಕೊನೆಗೆ ದಾಳಿಂಬೆ ಸಿಪ್ಪೆಯ ಕಷಾಯ ಕಾಸಿ ಕೊಟ್ಟೆ. ಅದನ್ನು ಕುಡಿದು ಮುಖ ಹುಳ್ಳಗೆ ಮಾಡಿಕೊಂಡು, "ಇದ್ಯಾಕಮ್ಮಿ?" ಅಂದರು.

"ದಿನಕ್ಕೆ ಇಷ್ಟು ಸಲ ಹೋಗ್ಬೇಕು ಅಂತೀರಲ್ಲ ಅತ್ತೆ, ಭೇದಿ ನಿಲ್ಲಲಿ ಅಂತ."

"ಅಯ್ಯೋ ನಿನ್ ಮನೆ ಕಾಯೋಗ! ಕಕ್ಕಸಿಗಲ್ಲ ಕಣಮ್ಮಿ, ವಲಕ್ಕೆ! ಅವರೆ ಊ ಕಚ್ಚದೋ ಉದುರೋಗದೋ ನೋಡ್ಬೇಡ್ವಾ?"

"ಮತ್ತೆ ನಾನು ಕರ್ಕೊಂಡೋಗಿ ಕೂರಿಸಿದಾಗ ಸುಮ್ನೆ ಕೂತಿದ್ರಲ್ಲ?"

"ಒತ್ತೊತ್ತಿಗೆ ಕೂರ್ಸಿ ಅಂತ ಡಾಕ್ಟ್ರು ಯೋಳವ್ರೇನೋ ಅನ್ಕೊಂಡೆ."

ಇಬ್ಬರೂ ನಕ್ಕೆವು. ಅವರು ಸೊಂಟ ಹಿಡಿದುಕೊಂಡೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಬಾಗಿಲಾಚೆ ಎರಡು ಮಹಡಿಯ ಮೆಟ್ಟಿಲು, ಅದರ ಕೆಳಗೆ ಗುಂಡ್ಲುಪೇಟೆಯ ಹೆದ್ದಾರಿ. ಹೊಲ ಎಲ್ಲಿಂದ ತರಲಿ? ಈ ಸಂಗತಿಯನ್ನು ನನ್ನ ಗಂಡನಿಗೆ ಇಬ್ಬರೂ ಹೇಳಲಿಲ್ಲ. ಅವರ ಮರ್ಯಾದೆಯೂ ಉಳಿಯಿತು, ನನ್ನ ಪೆದ್ದುತನವೂ ಮುಚ್ಚಿಹೋಯಿತು.

ಗಂಡ ತರಕಾರಿ ಲಾರಿ ಓಡಿಸುತ್ತಾರೆ. ಕಲ್ಲಿಕೋಟೆಗೆ ಹೋದರೆ ಮನೆಗೆ ಬರುವುದು ಮಾರನೆಯ ದಿನ, ಬಂದರೆ ನಿದ್ದೆ. ಮೈಸೂರಿನಲ್ಲಿ ಆಪರೇಷನ್ ಆದ ಮೇಲೆ ತರಕಾರಿ ಮಂಡಿಯ ಹಮಾಲರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದಿದ್ದರು, ಈರುಳ್ಳಿ ಮೂಟೆಗಿಂತ ಹಗುರ ಅಂತ ತಮಾಷೆ ಮಾಡಿಕೊಂಡು. ಮತ್ತೆ ಇಳಿಸುವವರು ಯಾರೂ ಇರಲಿಲ್ಲ. "ಕೆಟ್ಟು ಪಟ್ಣ ಸೇರು ಅಂತಾರೆ, ನಾನು ಸೊಂಟ ಕೆಟ್ಟು ಸೇರ್ದೆ" ಅನ್ನುವರು. ಅವರನ್ನು ಬಿಟ್ಟು ನಾನೂ ಇಳಿಯುವಂತಿರಲಿಲ್ಲ. ಔಷಧಿ ಅಂಗಡಿಗೆ ಓಡಿ ಹೋಗಿ ಓಡಿ ಬರುವುದೇ ನನ್ನ ತಿರುಗಾಟ. ಅವರಿಗಾದರೂ ಸೊಂಟ ಮುರಿದಿತ್ತು. ನನಗೇನು ಮುರಿದಿತ್ತು ಅಂತ ಅನ್ನಿಸಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಕಿಟಕಿ ತೆಗೆದರೆ ಲಾರಿಯ ಹೊಗೆ, ಮುಚ್ಚಿದರೆ ಸೆಕೆ. ಶಿವರಾತ್ರಿ ಕಳೆದದ್ದೇ ತಾರಸಿ ಕಾದು, ಹೊತ್ತು ಮುಳುಗಿದರೂ ಗೋಡೆ ಮುಟ್ಟಿದರೆ ಬಿಸಿ. ಎರಡು ರೂಮಿನಲ್ಲಿ ಎರಡು ಹೆಂಗಸರು, ಒಬ್ಬರ ಉಸಿರು ಒಬ್ಬರಿಗೆ ಬೇಸರ.

ಆ ಹೊತ್ತಿಗೆ ಡಾಕ್ಟರು ಫೋನಿನಲ್ಲಿ, "ಇನ್ನು ಮೆಟ್ಟಿಲು ಹತ್ತಿಸಿ ಅಭ್ಯಾಸ ಮಾಡಿಸಿ" ಅಂದರು. ಕೆಳಗಿಳಿದರೆ ಎರಡು ಮಹಡಿ, ಹತ್ತಿದರೆ ತಾರಸಿಗೆ ಒಂದೇ. ಹತ್ತಿಸಿದೆ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಶಿವ ಶಿವ ಅನ್ನುತ್ತ ಮೇಲೆ ಬಂದ ಅತ್ತೆ ದೂರದ ಬೆಟ್ಟ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ಕಾಲ ಕೆಳಗಿನ ಸಿಮೆಂಟನ್ನು.

"ಇಷ್ಟಗಲ ಜಾಗ್ವ ಬೀಳು ಬುಟ್ಟವ್ರಲ್ಲಮ್ಮಿ!"

ಉಳದೆ ಬಿಟ್ಟ ಭೂಮಿಗೆ ಬೀಳು ಅನ್ನುತ್ತಾರೆ. ತಾರಸಿಯನ್ನು ಬೀಳು ಎಂದವರು ಲೋಕದಲ್ಲಿ ನಮ್ಮ ಅತ್ತೆಯೊಬ್ಬರೇ ಇರಬೇಕು. ಕೆಳಗಿನ ಮಹಡಿಯಲ್ಲಿದ್ದ ಓನರಮ್ಮನನ್ನು ಕೇಳಿದೆ. "ನಾಲ್ಕು ಕುಂಡ ಇಟ್ಕೊಳ್ಳಿ, ಅದಕ್ಕೇನು" ಅಂದರು. ಅವರು ಬೆರಳು ಕೊಟ್ಟರು, ಅತ್ತೆ ಹಸ್ತವನ್ನೇ ನುಂಗಿದರು. ಹರವೆಗೆ ಫೋನ್ ಮೇಲೆ ಫೋನ್ ಹೋಯಿತು. ಮಂಡಿಗೆ ತರಕಾರಿ ತರುವ ಆಟೋದಲ್ಲಿ ಚಪ್ಪರದವರೆ ಬೀಜ, ಸೋರೆ ಬೀಜ, ದಂಟಿನ ಬೀಜ, ಜೊತೆಗೆ ಚೀಲಗಟ್ಟಲೆ ಕೆರೆಗೋಡು ಬಂತು. ಕೆರೆ ಬತ್ತಿದಾಗ ತಳದಿಂದ ಎತ್ತಿ ಹೊಲಕ್ಕೆ ಹೊಡೆಯುವ ಕಪ್ಪು ಮಣ್ಣು ಅದು. ಹರವೆಯವರ ಕಣ್ಣಲ್ಲಿ ಅದಕ್ಕಿಂತ ದೊಡ್ಡ ಗೊಬ್ಬರವಿಲ್ಲ. ಅಕ್ಕಿಚೀಲಗಳಿಗೆ ಅದನ್ನೇ ತುಂಬಿ, ನಮ್ಮ ಮಲಗುವ ರೂಮಿನ ನೆತ್ತಿಯ ಮೇಲೆ ಸಾಲಾಗಿ ಇಟ್ಟೆವು.

ಅವತ್ತಿನಿಂದ ಅತ್ತೆ "ವಲದ ಕಡೆ ಓಗನ" ಅಂದರೆ ನಾವು ಮೆಟ್ಟಿಲು ಹತ್ತುತ್ತಿದ್ದೆವು. ಬಿಸಿಲೇರುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ. ಅವರು ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸುವರು, ನಾನು ನೀರು ಹಾಕುವೆ, ಬೈಸಿಕೊಳ್ಳುವೆ. ಬಳ್ಳಿ ದಾರ ಹಿಡಿದು ಹಬ್ಬಿತು. ಎಲ್ಲಿದ್ದವೋ ಜೇನು ಬಂದವು. ಚೀಲಗಳ ಅಡಿಯ ರೂಮಿನಲ್ಲಿ ಸೆಕೆ ತಗ್ಗಿತು. ಅಡುಗೆಮನೆ ಕಾದ ಹಂಚು, ಹೊಸ್ತಿಲು ದಾಟಿದರೆ ತಂಪು. "ನಮ್ಮವ್ವ ಎಂಚಿನ ಮೇಲೆ ಸೋರೆಬಳ್ಳಿ ಅಬ್ಬುಸ್ತಿದ್ದದ್ದು ಕಾಯ್ಗೆ ಅನ್ಕೊಂಡಿದ್ದಾ? ನೆಳ್ಳಿಗೂ ಕಣಮ್ಮಿ" ಅಂದರು ಅತ್ತೆ. ಆ ದಿನಗಳಲ್ಲಿ ನಾನು ಪಾತ್ರೆ ಕುಕ್ಕಿದ್ದು ಕಡಿಮೆ.

ಬೇಸಿಗೆಯ ಮೊದಲ ಜೋರು ಮಳೆ ಎಲ್ಲ ಕೆಡಿಸಿತು. ಗೋಡು ಮಣ್ಣು ಕರಗಿ ಹರಿದು, ನೀರು ಇಳಿಯುವ ಪೈಪಿನ ಬಾಯಿಗೆ ಮೆತ್ತಿಕೊಂಡಿತು. ಹೊಲದಲ್ಲಾದರೆ ಹೆಚ್ಚಾದ ನೀರು ಬದು ದಾಟಿ ಹೋಗುತ್ತದೆ. ತಾರಸಿಯಲ್ಲಿ ಎಲ್ಲಿಗೆ ಹೋಗಬೇಕು? ತುಂಬಿ, ಬಾಗಿಲ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ನಮ್ಮ ಬಾಗಿಲು ಬಿಟ್ಟು ನೇರ ಓನರಮ್ಮನ ಬಾಗಿಲಿಗೆ ಹೋಯಿತು. ಅವರ ರಂಗೋಲಿಯ ಮೇಲೆ ಹರವೆ ಕೆರೆಯ ಕಪ್ಪು ಕೆಸರು. ಅವರು ಬೈದದ್ದರಲ್ಲಿ ತಪ್ಪಿರಲಿಲ್ಲ. ತಾರಸಿಗೆ ಬೀಗ ಹಾಕಿ, "ಮಳೆ ನಿಂತ ಮೇಲೆ ಆಳು ಕರೆಸಿ ಎಲ್ಲಾ ತೆಗೆಸ್ತೀನಿ" ಅಂದರು.

ಆ ಮಳೆ ಮತ್ತೆ ಬರಲಿಲ್ಲ, ಆಳೂ ಬರಲಿಲ್ಲ, ಬಿಸಿಲು ಬಂತು. ಮೇಲೆ ಗಿಡಗಳು ಏನಾದವೋ ಕಾಣುವಂತಿಲ್ಲ. ಅತ್ತೆ ಹೊಲದ ಮಾತೇ ಬಿಟ್ಟರು. ಊಟಕ್ಕೆ ಕರೆದರೆ ಆಮೇಲೆ, ನಡೆಯಿರಿ ಅಂದರೆ ಆಮೇಲೆ. ಗೋಡೆ ಕಡೆ ತಿರುಗಿ ಮಲಗಿದರೆ ಮಲಗಿದರು. ಹೀಗೇ ಆದರೆ ಇವರು ಮತ್ತೆ ನಡೆಯುವುದಿಲ್ಲ ಅಂತ ನನಗೆ ಹೆದರಿಕೆಯಾಯಿತು. ನಾನು ಓನರಮ್ಮನ ಬಾಗಿಲು ತಟ್ಟಲು ಎರಡು ಸಲ ಇಳಿದು, ತಟ್ಟದೆ ವಾಪಸ್ ಬಂದೆ. ಬಾಡಿಗೆ ಮನೆಯವರಿಗೆ ಇರುವ ಧೈರ್ಯ ಅಷ್ಟೇ.

ಒಂದು ಬೆಳಿಗ್ಗೆ ಒಲೆ ಹಚ್ಚಿ ತಿರುಗಿದರೆ ಮಂಚ ಖಾಲಿ. ವಾಕರ್ ಮೆಟ್ಟಿಲ ಬುಡದಲ್ಲಿತ್ತು. ಮೇಲಕ್ಕೆ ಓಡಿದೆ. ಅತ್ತೆ ಒಬ್ಬರೇ ಹತ್ತಿಹೋಗಿ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಮೇಲಿನ ಮೆಟ್ಟಿಲಲ್ಲಿ ಕೂತಿದ್ದರು. ನನ್ನ ಕಿರುಚಾಟ ಕೇಳಿ ಓನರಮ್ಮನೂ ಹತ್ತಿ ಬಂದರು.

ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ. ನಿಜವಾಗಿ ತಿಳಿಯದವರ ಹಾಗೆ ಕೇಳಿದರು: "ಮನ್ಗೆ ಬೀಗ ಇಕ್ತಾರೆ, ಪೆಟ್ಗೆಗೆ ಬೀಗ ಇಕ್ತಾರೆ. ವಲಕ್ಕೂ ಇಕ್ತಾರೇನವ್ವ?"

ಓನರಮ್ಮ ಹರದನಹಳ್ಳಿಯ ಹೊಲಮನೆಯವರ ಮಗಳು. ಅತ್ತೆಯ ತೋಳು ಹಿಡಿದರು. ಇಬ್ಬರೂ ಸೇರಿ ಇಳಿಸಿ ಮಂಚದ ಮೇಲೆ ಕೂರಿಸಿದೆವು. ಓನರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, ತಲೆಯೆತ್ತಿ ಸೂರು ನೋಡಿದರು. ಅಡುಗೆಮನೆಗೆ ಹೋಗಿ ನಿಂತು, ಮತ್ತೆ ರೂಮಿಗೆ ಬಂದು ಗೋಡೆಗೆ ಅಂಗೈ ಇಟ್ಟರು. "ಇಲ್ಲಿ ಇಷ್ಟು ತಂಪಿದೆಯಲ್ಲ" ಅಂದರು. ನೀರಿಲ್ಲದೆ ಸೊರಗಿದರೂ ಬಳ್ಳಿ ನೆರಳು ಕೊಡುವುದನ್ನು ಬಿಟ್ಟಿರಲಿಲ್ಲ.

ಬೀಗ ತೆಗೆದರು, ಷರತ್ತು ಹಾಕಿ. ಗೋಡು ಮಣ್ಣೆಲ್ಲ ಕೆಳಗಿಳಿಯಬೇಕು, ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು ತುಂಬಬೇಕು, ಚೀಲಗಳ ಕೆಳಗೆ ಇಟ್ಟಿಗೆ, ಪೈಪಿನ ಬಾಯಿಗೆ ಜಾಲರಿ. ಅತ್ತೆ ಗೊಣಗಿದರು: "ಅಸ್ಗೂಸ್ನ ಅರಳೆ ಆಸ್ಗೆ ಮೇಲೆ ಮಲಗುಸ್ದಂಗೆ ಸಾಕ್ಬೇಕಾ ಅವರೇಯ?" ಆದರೂ ಅವರೆ ಚಿಗುರಿತು. ಅತ್ತೆಯೂ.

ಮುಂಗಾರು ಹಿಡಿಯುವ ಹೊತ್ತಿಗೆ ಅವರು ಕೋಲೂರಿಕೊಂಡು ತಾವೇ ಎರಡು ಮಹಡಿ ಇಳಿದು, ಹರವೆಯ ಬಸ್ ಹತ್ತಿದರು. ಹತ್ತುವಾಗ ನನ್ನ ಗದ್ದ ಹಿಡಿದು, "ನೀನೂ ವಲದ ಕಡೆ ಓಯ್ತಿರು ಕಣಮ್ಮಿ, ವಳಗೇ ಕುಂತ್ಕೋಬೇಡ" ಅಂದರು. ಅವರು ಗೆದ್ದು ಹೊರಟರು ಅಂತ ಖುಷಿಯಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೊಟ್ಟೆಕಿಚ್ಚೂ ಆಯಿತು. ಯಾರೋ ಬಂದು ನನ್ನ ಸೊಂಟ ಮುರಿದಿದೆ ಅಂತ ಹೇಳಿದ್ದರೆ ಚೆನ್ನಾಗಿತ್ತು, ವಾಸಿಯಾಗುವುದಕ್ಕೆ ಒಂದು ಕಾಯಿಲೆಯಾದರೂ ಇರುತ್ತಿತ್ತು.

ಅವತ್ತು ಸಂಜೆ ಗಂಡ ಮಂಚದ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದರು. "ಇಲ್ಲಿ ಎಷ್ಟು ತಣ್ಣಗದೆ" ಅಂದರು, ಯಾಕೆ ಅಂತ ಕೇಳಲಿಲ್ಲ.

"ಹೊಲದ ಕಡೆ ಹೋಗಿ ಬರ್ತೀನಿ ರೀ" ಅಂದೆ.

ಅವರು ತಲೆಯೆತ್ತಲಿಲ್ಲ. "ಬಾತ್‌ರೂಮ್ ನಲ್ಲೀಲಿ ನೀರ್ ಬರ್ತಾ ಇಲ್ಲ, ಬಕೀಟ್ನಲ್ಲಿ ತಕ್ಕೊಂಡೋಗು."

ಗಿಡಕ್ಕೂ ನೀರು ಬೇಕಿತ್ತು. ಅಡುಗೆಮನೆಯ ಡ್ರಮ್ಮಿನಿಂದ ಬಕೆಟ್ ತುಂಬಿಕೊಂಡು, ಬಾತ್‌ರೂಮಿನ ಬಾಗಿಲು ದಾಟಿ, ಮೆಟ್ಟಿಲು ಹತ್ತಿದೆ.