ದೋಣಿಯ ಮೂತಿಗೆ ಹಿಡಿದ ತುಕ್ಕು

ಕಬ್ಬಿಣದ ಮೈ ಕೆರೆಯುವುದು ಮುಗಿಯುವ ಕೆಲಸವಲ್ಲ. ಇದು ಅಂಬ್ರಪ್ಪನಿಗೆ ಗೊತ್ತಾಗಿ ಬಹಳ ವರ್ಷಗಳಾಗಿದ್ದವು. ಆದರೂ ಪ್ರತಿ ಬೇಸಿಗೆ ತಂತಿಯ ಬ್ರಷ್ಷು ಹಿಡಿದು ಹೊಳೆದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ, ಏಕೆಂದರೆ ಅವನು ಕೂರದಿದ್ದರೆ ಬೇರೆ ಯಾರೂ ಕೂರುವವರಿರಲಿಲ್ಲ. ದೋಣಿ ಎಲ್ಲರದು, ತುಕ್ಕು ಮಾತ್ರ ಅವನೊಬ್ಬನದು.

ಕಕ್ಕೇರಾದಿಂದ ಕೃಷ್ಣೆಯ ಕಡೆ ಇಳಿದರೆ ಒಂದು ಸಣ್ಣ ಊರು, ಅದರೆದುರು ಹೊಳೆಯ ನಡುವೆ ಒಂದು ಗಡ್ಡೆ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಕಾಲಿಟ್ಟು ಗಡ್ಡೆಗೆ ನಡೆದೇ ಹೋಗಬಹುದು. ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಪಂಚಾಯ್ತಿಯ ಕಬ್ಬಿಣದ ದೋಣಿಯೇ ಗತಿ. ಅಂಬ್ರಪ್ಪ ಹಗಲು ಅದನ್ನು ನಡೆಸುತ್ತಿದ್ದ. ಬೇಸಿಗೆಯಲ್ಲಿ ಅದನ್ನು ಗಾಡಿಯ ಮೇಲೆ ದಂಡೆಗೆಳೆಸಿ, ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಡಾಂಬರಿನಂಥ ಕರಿ ಬಣ್ಣ ಹಚ್ಚುತ್ತಿದ್ದ. ಅವನ ಉಗುರುಗಳ ಸಂದಿಯ ಕೆಂಪು ಯುಗಾದಿಯ ಎಣ್ಣೆಸ್ನಾನಕ್ಕೂ ಹೋಗುತ್ತಿರಲಿಲ್ಲ. "ರೊಟ್ಟಿಯೊಳಗ ಬಣ್ಣ ತಿಂತೀಯೇನು?" ಎಂದು ಹೆಂಡತಿ ಬಾಲಮ್ಮ ದಿನಾ ಬೈಯುತ್ತಿದ್ದಳು. ತಿಂದಿರಲೂಬಹುದು. ಸಂಜೆ ಸೊಂಟ ನೆಟ್ಟಗಾಗದ ಹೊತ್ತಿನಲ್ಲಿ ಯಾರು ತಟ್ಟೆ ನೋಡಿ ಉಣ್ಣುತ್ತಾರೆ?

ಈ ವರ್ಷ ಬೇಸಿಗೆಯ ಆರಂಭದಲ್ಲೇ ಒಬ್ಬ ಇಂಜಿನಿಯರು ಬಂದು ದೋಣಿಯ ಸುತ್ತ ತಿರುಗಿದರು. ಎಲ್ಲೆಡೆ ಬೆರಳಿನಿಂದ ಬಡಿದು ನೋಡಿ ಮೂತಿಯ ಬಳಿ ನಿಂತರು. ಎರಡು ಬದಿಯ ತಗಡು ಸೇರುವ ಆ ಮೂಲೆಗೆ ಸ್ಕ್ರೂ ಡ್ರೈವರಿನ ತುದಿ ಒತ್ತಿದರೆ ಒಣ ರೊಟ್ಟಿಯ ಹಾಗೆ ಪುಡಿ ಉದುರಿತು.

"ಅಂಬ್ರಪ್ಪ, ನೀನು ಕೆಲಸ ಮಾಡ್ತೀಯ ಅನ್ನೋದು ಕಾಣ್ತದೆ. ಆದರೆ ಇದು ಜನ ಕೂರೋ ದೋಣಿ. ಹೊಳೆಗೆ ನೀರು ಬಿಡೋ ಮುಂಚೆ ಮತ್ತೆ ಬರ್ತೀನಿ. ಇಲ್ಲಿ ಹೀಗೇ ಇದ್ದರೆ ಗುಜರಿಗೆ ಹಾಕಬೇಕಾಗ್ತದೆ. ಹೊಸದು ಯಾವಾಗ ಬರ್ತದೋ ನಾನು ಹೇಳಲಾರೆ" ಎಂದರು. ಮನುಷ್ಯ ಒಳ್ಳೆಯವರೇ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹಾಗಾಗಿ ಅಂಬ್ರಪ್ಪನಿಗೆ ಸಿಟ್ಟು ಮಾಡಲೂ ದಾರಿ ಇರಲಿಲ್ಲ.

ಅವನ ಒಬ್ಬಳೇ ಮಗಳು ದೇವಿಕಾ ಆ ಗಡ್ಡೆಯಲ್ಲಿದ್ದಳು. ಅಲ್ಲಿಗೇ ಕೊಟ್ಟ ಹೆಣ್ಣು, ಈಗ ಚೊಚ್ಚಲ ಬಸುರಿ. ಆಷಾಢ ಬೇಡವೆಂದು ಬೀಗರು ಸೀಮಂತದ ಕುಬಸವನ್ನು ಶ್ರಾವಣಕ್ಕೆ ಇಟ್ಟುಕೊಂಡಿದ್ದರು. ಕುಬಸವಾದ ಮೇಲೆ ಹೆರಿಗೆಗೆ ತವರಿಗೆ ಕರೆತರಬೇಕು. ಶ್ರಾವಣವೆಂದರೆ ತುಂಬು ಹೊಳೆ. ದೋಣಿ ಗುಜರಿಗೆ ಹೋದರೆ ಮಗಳು ಆಚೆ, ತವರು ಈಚೆ. ರಾತ್ರಿ ಕಣ್ಣು ಮುಚ್ಚಿದರೆ ಅಂಬ್ರಪ್ಪನಿಗೆ ಅದೇ ಕಾಣುತ್ತಿತ್ತು.

ಕಕ್ಕೇರಾದಿಂದ ವೆಲ್ಡಿಂಗಿನವನನ್ನು ಕರೆತಂದು ಕೊಳೆತ ತುಂಡು ಕತ್ತರಿಸಿ ಹೊಸ ತಗಡು ಕೂಡಿಸಿಯಾಯಿತು. ಅದರ ಮೇಲೆ ಎರಡು ಕೈ ರೆಡ್ ಆಕ್ಸೈಡ್, ಎರಡು ಕೈ ಕರಿ ಬಣ್ಣ. ಮೃಗಶಿರಾ ಮಳೆಯ ಮೋಡ ಕಟ್ಟುವಷ್ಟರಲ್ಲಿ ಅದೇ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಒಡೆದರೆ ಒಳಗೆ ಕೆಂಪು ನೀರು. ಅಂಬ್ರಪ್ಪ ಬ್ರಷ್ಷು ಬಿಸಾಡಿ ನೆಲಕ್ಕೆ ಕುಳಿತುಬಿಟ್ಟ. ಅಳು ಬರುವುದೊಂದು ಬಾಕಿ.

ಮೊದಲು ಅವನು ದೂರಿದ್ದು ಗಡ್ಡೆಯ ಸಂಗಣ್ಣ ದೋಣಿಯಲ್ಲಿ ಸಾಗಿಸುತ್ತಿದ್ದ ಗೊಬ್ಬರದ ಚೀಲಗಳನ್ನು. ಗೊಬ್ಬರ ಕಬ್ಬಿಣ ತಿನ್ನುತ್ತದೆ, ಸುಳ್ಳಲ್ಲ. ಆದರೆ ಚೀಲ ಇಡುತ್ತಿದ್ದುದು ದೋಣಿಯ ನಡುವೆ, ಕೊಳೆಯುತ್ತಿದ್ದುದು ಮೂತಿ. ಆಮೇಲೆ ಬಣ್ಣವನ್ನು ದೂರಿದ. ಡಬ್ಬಿ ಹಿಡಿದು ಕಕ್ಕೇರಾದ ಪೇಂಟ್ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ನುಜ್ಹತಳ ಮುಂದೆ ಕುಕ್ಕಿದ.

"ನಕಲಿ ಮಾಲು ಕೊಟ್ಟೀರಿ ನೋಡವ್ವ."

ನುಜ್ಹತ ಹಿಂದೆ ಸರಿಯುವವಳಲ್ಲ. "ಇದೇ ಡಬ್ಬಿ ಇಡೀ ದೋಣಿಗೆ ಹಚ್ಚೀಯಿಲ್ಲೊ ಕಾಕಾ? ಉಳಿದ ಕಡಿ ಸಾಫ್ ಅದ, ಒಂದ ಮೂಲ್ಯಾಗ ಖರಾಬ್ ಆಗ್ತದಂದ್ರ ಬಣ್ಣದ ಕಸೂರ್ ಹ್ಯಾಂಗಾಗ್ತದ? ಅಲ್ಲಿ ಏನರೆ ಇರ್ಬೇಕು. ಮನಿಗಿ ಹೋಗಿ ನೋಡು."

ಮಾತು ಒರಟಾಗಿತ್ತು, ಆದರೆ ದಾರಿಯುದ್ದಕ್ಕೂ ಅವನ ತಲೆಯಲ್ಲೇ ಕುಳಿತಿತ್ತು. ಮರುದಿನ ಬೆಳಗ್ಗೆ ಹೋಗಿ ಮೂತಿಯ ಒಳಗೆ ಕೈ ಆಡಿಸಿದ. ಮೂರು ದಿನದಿಂದ ಒಂದು ಹನಿ ಮಳೆಯಿಲ್ಲ, ದೋಣಿ ದಂಡೆಯ ಮೇಲಿದೆ, ಆದರೂ ಆ ಮೂಲೆ ಒದ್ದೆ. ಬೆರಳು ನಾಲಿಗೆಗಿಟ್ಟುಕೊಂಡ. ಉಪ್ಪು.

ಕೃಷ್ಣೆಯ ನೀರು ಉಪ್ಪಲ್ಲ. ಅವನು ತಲೆಯೆತ್ತಿದ. ಒದ್ದೆಯ ಮೇಲುಗಡೆ, ಕೊಂಡಿಗೆ ಕಟ್ಟಿದ ಕೆಂಪು ಬಟ್ಟೆಯ ಗಂಟು ಜೋಲುತ್ತಿತ್ತು. ದೃಷ್ಟಿಯ ಗಂಟು. ಅದರಲ್ಲಿ ಹರಳುಪ್ಪು, ಒಣಮೆಣಸಿನಕಾಯಿ, ಇದ್ದಿಲು. ಮೋಡದ ತಂಪಿಗೆ ಉಪ್ಪು ಬೆವೆತು ಕೆಳಗೆ ತೊಟ್ಟಿಕ್ಕುತ್ತಿತ್ತು. ಅದನ್ನು ಅಮಾವಾಸ್ಯೆಗೊಮ್ಮೆ ತಪ್ಪದೆ ಕಟ್ಟುತ್ತಿದ್ದವಳು ಬಾಲಮ್ಮ.

ಹಿಂದೊಮ್ಮೆ ದೊಡ್ಡ ಹೊಳೆ ಬಂದ ವರ್ಷ ಹಗ್ಗ ಹರಿದು ದೋಣಿಯ ಸಮೇತ ಅಂಬ್ರಪ್ಪ ಕೊಚ್ಚಿಹೋಗಿದ್ದ. ತಿಂಥಣಿ ಸೇತುವೆಯ ಹತ್ತಿರ ಜಾಲಿಗಿಡಗಳಿಗೆ ಸಿಕ್ಕಿ ಉಳಿದ. ಇಡೀ ರಾತ್ರಿ ಬಾಲಮ್ಮ ದಂಡೆಯಲ್ಲೇ ಕುಳಿತಿದ್ದಳು. ಅವನು ಮೈತುಂಬ ಮುಳ್ಳಿನ ಗೀರು ಹೊತ್ತು ವಾಪಸು ಬಂದ ಮೇಲೆ ಮೊದಲ ಅಮಾವಾಸ್ಯೆಗೇ ಗಂಟು ಕಟ್ಟಿದಳು. ತಾನು ಮಾತ್ರ ಮತ್ತೆಂದೂ ದೋಣಿಗೆ ಕಾಲಿಡಲಿಲ್ಲ. ಮಗಳನ್ನು ನೋಡಲೂ ಬೇಸಿಗೆಯವರೆಗೆ ಕಾಯುವಳು. ಅಂದಿನಿಂದ ಅಂಬ್ರಪ್ಪನಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ದೋಣಿಗೆ. ದಿನಾ ಬೆಳಗ್ಗೆ ಆ ಗಂಟಿಗೆ ಕೈಮುಗಿದು ಹುಟ್ಟು ಹಿಡಿಯುತ್ತಿದ್ದವನಿಗೂ ತಲೆಗೆ ಹೊಳೆದಿರಲಿಲ್ಲ ನೋಡಿ.

ಗಂಟಿಗೆ ಇನ್ನೊಮ್ಮೆ ಕೈಮುಗಿದು ಬಿಚ್ಚಿದ. ಅದನ್ನು ದಂಡೆಯ ಬೇವಿನ ಪೊಟರೆಯಲ್ಲಿಟ್ಟ. ಮೂತಿಗೆ ಕೊಡಗಟ್ಟಲೆ ಸಿಹಿನೀರು ಸುರಿದು ತೊಳೆದ, ಬಿಸಿಲಿಗೆ ಒಣಗಿಸಿದ, ಬೆಳ್ಳಗೆ ಕಾಣುವವರೆಗೆ ಮತ್ತೆ ಕೆರೆದ, ಮತ್ತೆ ಬಳಿದ. ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಬೇಕಿತ್ತು. ಆದರೆ ದಣಿದವನಿಗೆ ಕೆಲಸಕ್ಕಿಂತ ಮಾತೇ ಭಾರ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣಿನ ಎತ್ತುಗಳಿಗೆ ಕಡಬಿನ ಎಡೆ ತೋರಿಸಿ, ಹೊಸ ಗಂಟು ಹಿಡಿದು ಬಾಲಮ್ಮ ದಂಡೆಗೆ ಬಂದಳು. ಕೊಂಡಿ ಖಾಲಿ.

"ಗಂಟೆಲ್ಲಿ?"

ಅವನು ಬೇವಿನ ಕಡೆ ನೋಡಿದ. "ನಾನ ಬಿಚ್ಚೀನಿ. ಉಪ್ಪು ಇಳಿದು ಮೂತಿ ತಿಂದದ. ವರ್ಷಾ ವರ್ಷಾ ನಾ ಕೆರದದ್ದೆಲ್ಲ ಅದರ ಸಲುವಾಗೇ ಬಾಲಿ."

ಬಾಲಮ್ಮ ಬಗ್ಗಿ ಹೊಸ ತಗಡಿನ ತೇಪೆಯ ಮೇಲೆ ಕೈಯಿಟ್ಟಳು. "ಅಂದ್ರ, ನಿನ್ನ ದೋಣಿಗಿ ತೂತು ಕೊರ್ಯಾಕತ್ತಿದ್ದು ನಾನು?"

"ಹಂಗಲ್ಲ..."

"ಹಂಗ ಅದ. ನೀ ಉಳೀಲಿ ಅಂತ ಕಟ್ಟಿದೆ. ಅದು ನಿನ್ನ ಮುಳುಗಸಾಕ ಕುಂತಿತ್ತು." ಅವಳ ದನಿ ಬಿದ್ದುಹೋಯಿತು. "ಗಂಟಿಲ್ದ ನೀ ಹೊಳಿಗಿಳದ್ರ ನನಗ ಮನ್ಯಾಗ ಜೀವ ನಿಲ್ಲಂಗಿಲ್ಲ. ನಾ ಏನು ಮಾಡ್ಲಿ, ನೀನ ಹೇಳು."

 ಕಟ್ಟು ಎಂದರೆ ದೋಣಿ ಹೋಗುತ್ತದೆ, ಬೇಡ ಎಂದರೆ ಇವಳು ಹೋಗುತ್ತಾಳೆ. ಬಾಲಮ್ಮ ಹೊಸ ಗಂಟನ್ನು ಸೆರಗಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದಳು. ಆಷಾಢವೆಲ್ಲ ಇಬ್ಬರ ನಡುವೆ ಊಟಕ್ಕೆ ಬೇಕಾದಷ್ಟೇ ಮಾತು.

ಹೇಳಿದಂತೆ ಇಂಜಿನಿಯರು ಬಂದರು. ಸ್ಕ್ರೂ ಡ್ರೈವರು ಒತ್ತಿದರು, ಬಡಿದರು, ಮೂಲೆಗೆ ಕೈಯಾಡಿಸಿದರು. ಒಣಗಿತ್ತು. "ಈಗ ಸರಿ" ಎಂದಷ್ಟೇ ಹೇಳಿ ಹೋದರು. ಕುಣಿಯಬೇಕಾದ ಸುದ್ದಿ. ಅಂಬ್ರಪ್ಪ ಬೇವಿನ ನೆರಳಲ್ಲಿ ಮಲಗಿ ನಿದ್ದೆ ಮಾಡಿದ.

ನೀರು ಬಿಟ್ಟ ದಿನ ಊರಿನ ಹುಡುಗ ದೇವಿಂದ್ರ ಟ್ರ್ಯಾಕ್ಟರ್ ತಂದ. ಬೇಸಿಗೆಯೆಲ್ಲ ನಿಂತಿದ್ದ ದೋಣಿ ಗಾಡಿಯ ಗಾಲಿಗಳಿಗೆ ಗಾಳಿ ತುಂಬಿಸಲು ಅದನ್ನು ಕಕ್ಕೇರಾಕ್ಕೆ ಒಯ್ದು ಭರದಿಂದ ಎಳೆದುಕೊಂಡು ಬಂದಿದ್ದ. ದೋಣಿ ಹೇರಿದ್ದೇ ತಡ, ಗಾಡಿಯನ್ನು ಸೀದಾ ಹಿಂದಕ್ಕೆ ನೀರಿಗಿಳಿಸುವ ಅವಸರ ಅವನದು. ಅಂಬ್ರಪ್ಪ ಗಾಲಿಯ ನಡುವಿನ ಗುಂಬ ಮುಟ್ಟಿ ಕೈ ಹಿಂದೆಳೆದ.

"ತಡಿ. ಕಾದದ. ಕಾದ ಗಾಲಿ ನೀರಿಗಿಳಿಸಿದ್ರ ಬೇರಿಂಗು ಒಳಗ ನೀರು ಎಳಕೊಂತದ. ಆರ್ಲಿ."

"ಎಷ್ಟು ಹೊತ್ತು ಕಾಕಾ? ನನಗ ಇನ್ನೊಂದು ಕೆಲಸದ."

"ಎರಡು ಬೀಡಿ ಸೇದು. ಆರಿರತದ."

ದೇವಿಂದ್ರ ಗೊಣಗುತ್ತ ಸೇದಿದ. ಅಂಬ್ರಪ್ಪ ಅಷ್ಟರಲ್ಲಿ ನಟ್ಟು ಬೋಲ್ಟುಗಳಿಗೆ ಗ್ರೀಸು ಮೆತ್ತಿದ. ದೋಣಿ ನೀರಿಗಿಳಿಯಿತು. ಮೂತಿಯಲ್ಲಿ ಒಂದು ಹನಿ ಒಸರಲಿಲ್ಲ.

ಶ್ರಾವಣದಲ್ಲಿ ಅಣೆಕಟ್ಟಿನ ಗೇಟು ಸ್ವಲ್ಪ ಇಳಿಸಿ ಹೊಳೆ ತಗ್ಗಿದ್ದ ದಿನ ಮಗಳ ಕುಬಸ ಬಂತು. ಹಸಿರು ಸೀರೆ, ಕುಬಸದ ರವಿಕೆ ಕಣ, ಬುತ್ತಿಯ ಬುಟ್ಟಿಗಳನ್ನು ಅಂಬ್ರಪ್ಪ ದೋಣಿಯ ನಡುವೆ ಇಟ್ಟ. ನೆರೆಮನೆಯ ಹೆಂಗಸರು ಹತ್ತಿದರು. ಬಾಲಮ್ಮ ಎಂದಿನಂತೆ ದಂಡೆಯಲ್ಲಿ ನಿಲ್ಲುತ್ತಾಳೆಂದು ಹಗ್ಗ ಬಿಚ್ಚಲು ಬಗ್ಗಿದ.

ದೋಣಿ ಅಲುಗಿತು. ನೋಡಿದರೆ ಬಾಲಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಒಂದು ಕಾಲು ಒಳಗಿಟ್ಟಿದ್ದಳು. ಹೆಂಗಸರು ಕೈಹಿಡಿದು ಎಳೆದುಕೊಂಡರು. ಅವಳು ತಡವರಿಸುತ್ತ ಮುಂದೆ ಹೋಗಿ, ಮೂತಿಯ ಬಳಿ, ಖಾಲಿ ಕೊಂಡಿಯ ಕೆಳಗೆ ಕುಳಿತಳು. ಸೆರಗಿನಿಂದ ಕೆಂಪು ಗಂಟು ತೆಗೆದು ಎರಡೂ ಮುಷ್ಟಿಯಲ್ಲಿ ಹಿಡಿದಳು.

"ಕಬ್ಬಿಣಕ್ಕ ಮುಟ್ಟಬಾರ್ದು, ಅಷ್ಟ ಹೌದಿಲ್ಲೊ?" ಎಂದಳು, ಕಣ್ಣು ತೆರೆಯದೆ. "ನಾ ಹಿಡ್ಕೊಂಡು ಕುಂದರ್ತೀನಿ. ನಡಿ."

ಅಂಬ್ರಪ್ಪ ಹಗ್ಗ ಬಿಚ್ಚಿ ಹುಟ್ಟು ಹಾಕತೊಡಗಿದ. ಹೋಗುವಾಗಲೂ, ಸಂಜೆ ಮಗಳನ್ನು ಮಡಿಲಿಗೆ ಒರಗಿಸಿಕೊಂಡು ಬರುವಾಗಲೂ ಬಾಲಮ್ಮ ಮುಷ್ಟಿ ಸಡಿಲಿಸಲಿಲ್ಲ. ನಡುನೀರಿನಲ್ಲಿ ಸುಳಿ ದೋಣಿಯನ್ನು ತಿರುಗಿಸಿದಾಗ ಅವಳ ತುಟಿ ಮಾತ್ರ ಅಲುಗುತ್ತಿತ್ತು. ದೇವಿಕಾ ಅವ್ವನನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಮಗಳನ್ನು ಮಲಗಿಸಿದ ಮೇಲೆ ಬಾಲಮ್ಮ ಹೊಸ್ತಿಲ ಬಳಿ ಕುಳಿತು ಅಂಗೈ ಬಿಡಿಸಿದಳು. ಬೆವರು, ಉಪ್ಪು, ಮೆಣಸಿನಕಾಯಿ ಸೇರಿ ಚರ್ಮ ಕೆಂಪಗೆ ಸುಲಿದಿತ್ತು. ಅಂಬ್ರಪ್ಪ ಚೊಂಬಿನಲ್ಲಿ ಸಿಹಿನೀರು ತಂದ. ದೋಣಿಯ ಮೂತಿ ತೊಳೆದ ಹಾಗೆಯೇ, ಮತ್ತೆ ಮತ್ತೆ ಸುರಿದು ತೊಳೆದ. ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು.

"ನಾಳಿ ದೋಣಿ ಅದ ಏನು?"

"ಅದ. ಶನಿವಾರ ಬಿಟ್ರ ದಿನಾ ಅದ."

"ಹಂಗಾರ ಮುಂಜಾನಿ ನನ್ನ ಎಬ್ಬಸು" ಎಂದಳು.