ಮೂರನೇ ಪೋರ್ಟಿನ ಹಸೆಹಾಡುಗಳು

ನನ್ನನ್ನು ಈವರೆಗೆ ಏಳು ಸಲ ಹಸೆಗೆ ಕರೆದಿದ್ದಾರೆ. ಅದರಲ್ಲಿ ಒಂದು ಮಾತ್ರ ನಿಜವಾದ ಮದುವೆ. ಉಳಿದದ್ದೆಲ್ಲ ಅಕ್ಕನ ಕಾಟ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮೂರು ಕೊಪ್ಪದಲ್ಲೇ ಟೀಚರಾಗಿ ರಿಟೈರಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ “ಪುರುಸೊತ್ತಾಗ್ಲಿಲ್ಲ” ಅನ್ನುತ್ತಾಳೆ. ರಿಟೈರಾದ ಮರುತಿಂಗಳೇ ಅವಳಿಗೊಂದು ಹುಚ್ಚು ಹತ್ತಿತು. ಅಂಗೈಯಷ್ಟಗಲದ ರೆಕಾರ್ಡರ್ ಹಿಡಿದುಕೊಂಡು ಶೃಂಗೇರಿ, ಹರಿಹರಪುರ, ನರಸಿಂಹರಾಜಪುರ ಎಂದು ಬಸ್ಸು ಹತ್ತುವುದು, ವಯಸ್ಸಾದ ಹೆಂಗಸರ ಬಾಯಲ್ಲಿ ಉಳಿದಿದ್ದ ಮದುವೆ ಹಾಡುಗಳನ್ನು ತುಂಬಿಕೊಂಡು ಬರುವುದು. ಬ್ಯಾಗ್ ಹೊರಲು ನಾನು.

ಬರೀ ಬ್ಯಾಗ್ ಹೊತ್ತಿದ್ದರೆ ಸಾಕಿತ್ತು. ಸಿರಿಮನೆ ಕಡೆಯ ಒಬ್ಬ ಅಜ್ಜಿ ಹಸೆಗೆ ಕರೆಯುವ ಹಾಡು ಹೇಳಲು ಸುತಾರಾಂ ಒಪ್ಪಲಿಲ್ಲ. ಖಾಲಿ ಹಸೆಗೆ ಆ ಹಾಡು ಹೇಳಬಾರದಂತೆ. “ಯಾರನ್ನ ಕರೀಲಿ? ಗೋಡೆಯನ್ನಾ?” ಎಂದು ಬಾಯಿ ಮುಚ್ಚಿ ಕೂತರು. ಅಕ್ಕ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ರಂಗೋಲಿ ಬಿತ್ತು, ಮಣೆ ಬಂತು. ಐವತ್ತು ದಾಟಿದ, ತಲೆ ಬೋಳಾದ ನಾನು ಮದುಮಗನಾಗಿ ಕೂತೆ. ಅಜ್ಜಿ ಕಣ್ಣು ಮುಚ್ಚಿ ಹಾಡಿದರು. ಆರತಿ ಎತ್ತುವಾಗ ಪಕ್ಕದ ಮನೆಯವರೆಲ್ಲ ಬಂದು ಕಿಟಕಿಯಲ್ಲಿ ನಕ್ಕರು. ಆಮೇಲೆ ಬೇರೆ ಮನೆಗಳಲ್ಲೂ ಇದೇ ರೂಢಿಯಾಯಿತು.

ಎರಡು ವರ್ಷದ ಈ ಹಾಡುಗಳೆಲ್ಲ ಅಕ್ಕನ ಕಂಪ್ಯೂಟರಿನಲ್ಲಿದ್ದವು. ರೆಕಾರ್ಡರಿನಲ್ಲಿ ಜಾಗ ಕಮ್ಮಿ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ, ಅಳಿಸಿ, ಮತ್ತೆ ಹೊರಡುತ್ತಿದ್ದಳು. “ಇನ್ನೊಂದು ಕಡೆ ಕಾಪಿ ಇಡ್ಲಾ?” ಎಂದು ಅವಳು ಕೇಳಿದ್ದಕ್ಕೆ “ನಾನಿಲ್ವಾ?” ಎಂದಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಇರುವಷ್ಟು ಜಂಬ ವಿಜ್ಞಾನಿಗಳಿಗೂ ಇರುವುದಿಲ್ಲ. ಆ ಕಂಪ್ಯೂಟರನ್ನು ಜೋಡಿಸಿದ್ದೂ ನಾನೇ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಹೊಸ ಮದರ್‌ಬೋರ್ಡ್. ಡಿಸ್ಕ್ ಸಿಕ್ಕಿಸಲು ಅದರಲ್ಲಿ ಆರು ಪೋರ್ಟ್. ಮೊದಲನೆಯದಕ್ಕೆ ಕಂಪ್ಯೂಟರ್ ಶುರುವಾಗುವ ಡಿಸ್ಕ್, ಎರಡನೆಯದಕ್ಕೆ ಸಿಡಿ ಹಾಕುವ ಡ್ರೈವ್, ಮೂರನೆಯದಕ್ಕೆ ಹಾಡಿನ ಡಿಸ್ಕ್.

ಒಂದು ಫೆಬ್ರವರಿಯಲ್ಲಿ ಹಾಡಿನ ಡಿಸ್ಕ್ ಕಣ್ಣಾಮುಚ್ಚಾಲೆ ಶುರುಮಾಡಿತು. ಇವತ್ತು ಕಾಣುತ್ತದೆ, ನಾಳೆ ಇಲ್ಲ. “ಶೀತ ಹಿಡಿದಿದೆ” ಎಂದೆ. ನಮ್ಮಲ್ಲಿ ಬೆಂಕಿಪೆಟ್ಟಿಗೆ ಹೊತ್ತದಿದ್ದರೂ ಶೀತ, ಹಪ್ಪಳ ಮೆತ್ತಗಾದರೂ ಶೀತ, ಹಾರ್ಮೋನಿಯಂ ಅಪಸ್ವರ ನುಡಿದರೂ ಶೀತ. ಹೊರಗೆ ರಸ್ತೆಯ ಧೂಳು ಮೂಗಿಗೆ ಅಡರುತ್ತಿದೆ, ನಾನು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ತೆಗೆದು ಮತ್ತೆ ಸಿಕ್ಕಿಸಿದರೆ ಕಾಣಿಸಿತು! ಗೆದ್ದೆ ಎಂದು ಕುಣಿದೆ. ವಾರಕ್ಕೆ ಮತ್ತೆ ಮಾಯ. ಈ ಸಲ ಅರವತ್ತು ಕ್ಯಾಂಡಲ್ ಬಲ್ಬಿನ ಕೆಳಗೆ ಕಾಯಿಸಿ, ಬುದ್ಧಿವಂತಿಕೆ ತೋರಿಸಿ ನಾಲ್ಕನೇ ಪೋರ್ಟಿಗೆ ಹಾಕಿದೆ. ಎರಡು ದಿನ ನಡೆದು ಪೂರ್ತಿ ನಿಂತಿತು. ಮೊದಲೆರಡು ಪೋರ್ಟುಗಳನ್ನು ಮಾತ್ರ ಮುಟ್ಟಲಿಲ್ಲ. ಓಡುತ್ತಿರುವುದನ್ನು ಯಾಕೆ ಕೆದಕುವುದು?

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ರೆಕಾರ್ಡರನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡು, “ಮೊದಲಿಂದ ಶುರು ಮಾಡ್ವ ಮಾರಾಯ. ಸಿರಿಮನೆ ಅಜ್ಜಿಗೆ ನಾಡಿದ್ದು ಬರ್ತೀವಿ ಅಂತ ಹೇಳಿ ಕಳ್ಸಿದೀನಿ” ಎಂದಳು. ಎರಡು ವರ್ಷದ ಓಡಾಟವನ್ನು ನನ್ನ ಜಂಬ ನುಂಗಿಹಾಕಿತ್ತು.

ಕೊನೇ ಪ್ರಯತ್ನವೆಂದು ಮರುದಿನ ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಶೃಂಗೇರಿಗೆ ಹೋದೆ. ಅಲ್ಲಿ ಲಾಡ್ಜೊಂದರ ಕೆಳಗೆ ಕಂಪ್ಯೂಟರ್ ಅಂಗಡಿ ಇಟ್ಟಿರುವವನು ನನ್ನ ಹೈಸ್ಕೂಲಿನ ಗೆಳೆಯ. ಡಿಸ್ಕನ್ನು ಅಲ್ಲಾಡಿಸಿದ. ಒಂದು ಅಕ್ಕಿಕಾಳು ಮೇಜಿನ ಮೇಲೆ ಬಿತ್ತು.

“ಇದೆಂತ ಮಾರಾಯ?”

“ಶೀತಕ್ಕೆ” ಎಂದೆ.

ಅವನು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಸಾಲುಸಾಲಾಗಿ ಫೈಲುಗಳು ಬಂದವು. ಒಂದನ್ನು ಒತ್ತಿದರೆ ಸಿರಿಮನೆ ಅಜ್ಜಿ ಅಂಗಡಿಯ ತುಂಬ ಹಾಡಿದರು. ನಾನು ನಾಚಿಕೆಯಿಲ್ಲದೆ ಅತ್ತೆ.

“ಡಿಸ್ಕ್ ಗಟ್ಟಿಮುಟ್ಟಾಗಿದೆ. ಯಾವ ಪೋರ್ಟಿಗೆ ಹಾಕಿದ್ದೆ?”

“ಮೂರು. ಆಮೇಲೆ ನಾಲ್ಕು.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಬೋರ್ಡಿನಲ್ಲಿ ಪೋರ್ಟುಗಳನ್ನು ನಡೆಸುವ ಚಿಪ್‌ಸೆಟ್ಟೇ ಹುಟ್ಟಾ ದೋಷದ್ದಂತೆ. ಮೊದಲಿನ ಎರಡು ಪೋರ್ಟ್ ಭದ್ರ, ಉಳಿದ ನಾಲ್ಕು ದಿನ ಕಳೆದಂತೆ ಸೋಲುತ್ತವೆ. ಮಾಡಿದವರೇ ಒಪ್ಪಿಕೊಂಡು ಬೋರ್ಡು ಬದಲಾಯಿಸಿ ಕೊಡುತ್ತಿದ್ದಾರಂತೆ. ಅಕ್ಕಿ ಡಬ್ಬಿಯದೂ ಬಲ್ಬಿನದೂ ಏನೂ ಪ್ರತಾಪವಿರಲಿಲ್ಲ. ಗಟ್ಟಿ ಪೋರ್ಟಿನಲ್ಲಿ ಖಾಲಿ ಸಿಡಿ ಡ್ರೈವನ್ನು ಮೆರೆಸಿ, ಅಕ್ಕನ ಹಾಡನ್ನು ಲಡ್ಡಾದ ಪೋರ್ಟಿನಲ್ಲಿ ಕೂರಿಸಿದವನು ನಾನೇ. ಅಲ್ಲೇ ಎರಡು ಕಾಪಿ ಮಾಡಿಸಿಕೊಂಡು ಓಡಿ ಬಂದೆ.

ಅಕ್ಕ ಕೇಳಿ ಕಣ್ಣೊರೆಸಿಕೊಂಡಳು, ನಕ್ಕಳು, ನನ್ನ ಬೋಳುತಲೆಗೆ ಒಂದು ಮೊಟಕಿದಳು.

“ಇನ್ನು ಸಿರಿಮನೆಗೆ ಹೋಗೂದು ಬೇಡ ಅಲ್ವಾ?” ಎಂದೆ, ಮಣೆಯಿಂದ ಪಾರಾದ ಖುಷಿಯಲ್ಲಿ.

“ಡಿಸ್ಕ್ ಸರಿಯಾಗಿದ್ದು ಯಾರಿಗೂ ಹೇಳ್ಬೇಡ. ನಾಳೆ ಬಿಳಿ ಪಂಚೆ ಉಟ್ಕೊಂಡು ಬಾ.”

ಹೋದೆವು. ಅಜ್ಜಿ ರಂಗೋಲಿ ಹಾಕಿಸಿಯೇ ಕಾದಿದ್ದರು. ನಾನು ಅಭ್ಯಾಸಬಲದಿಂದ ಮಣೆಯತ್ತ ಹೊರಟರೆ ಅವರು ತಡೆದರು.

“ಇವನಿಗೆ ಎಷ್ಟು ಸಲ ಮದ್ವೆ ಮಾಡೂದು ಮಾರಾಯ್ತಿ? ಈ ಸಲ ನೀನು ಕೂರು.”

“ಅಯ್ಯೋ ಅಮ್ಮಾ, ನಂಗೆ ಅರವತ್ತು ದಾಟ್ತು!”

“ಅದಕ್ಕೇ ಹೇಳಿದ್ದು, ಇನ್ನೂ ತಡ ಮಾಡ್ಬೇಡ.”

ಅಕ್ಕ ರೆಕಾರ್ಡರನ್ನು ನನ್ನ ಕೈಗೆ ಕೊಟ್ಟಳು. ಕೆಂಪಾಗಿದ್ದಳು. ಮಣೆಯ ಮೇಲೆ ಸೆರಗು ಸರಿಮಾಡಿಕೊಂಡು, ಕ್ಲಾಸಿನಲ್ಲಿ ಹೆಸರು ಕೂಗುವುದನ್ನು ಕಾಯುವ ಹುಡುಗಿಯ ಹಾಗೆ ನೆಟ್ಟಗೆ ಕೂತಳು. ಅಜ್ಜಿ ಶುರುಮಾಡಿದರು. ಮದುಮಗಳನ್ನು ಬಣ್ಣಿಸುವ ಕಡೆ ಅಲ್ಲೇ ಒಂದು ಸಾಲು ಕಟ್ಟಿ ಸೇರಿಸಿದರು, ಸೀಮೆಸುಣ್ಣದ ಕೈಯವಳೇ ಬಾ, ಊರ ಮಕ್ಕಳನ್ನೆಲ್ಲ ಓದಿಸಿದವಳೇ ಬಾ ಎಂದು. ರೆಕಾರ್ಡರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮನೆಗೆ ಬಂದು ಆ ಹಾಡನ್ನು ಕಂಪ್ಯೂಟರಿಗೆ ಹಾಕಿದೆ. ಯಾವ ಪೋರ್ಟು ಎಂದು ಎರಡೆರಡು ಸಲ ನೋಡಿದೆ.

“ಕಾಪಿ ಇಟ್ಯಾ?” ಎಂದಳು ಅಕ್ಕ.

“ಮೂರು ಕಡೆ.”

“ಸರಿಯಾಗಿ ಬಂದಿದೆಯಾ ನೋಡ್ಬೇಕಲ್ಲ. ಇನ್ನೊಂದ್ಸಲ ಹಾಕು” ಎಂದಳು. ಅದು ಐದನೇ ಸಲ.